ಹುಲಿಗೆಮ್ಮ ಮೇಡಂ ಅವರ ಚಾರ್ಜಿನ ಡಬ್ಬಿ

ಹೊಟ್ಟೆಕಿಚ್ಚಿನ ವಿಷಯದಲ್ಲಿ ಜನ ಬಾಯಿ ಬಿಡುವುದಿಲ್ಲ. ಸಕ್ಕರೆ ಕಾಯಿಲೆ ಇದೆ ಎನ್ನುತ್ತಾರೆ, ಬಿ.ಪಿ. ಇದೆ ಎನ್ನುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಅಪರಿಚಿತನಿಗೆ ತಮ್ಮ ಮೂಲವ್ಯಾಧಿಯ ಚರಿತ್ರೆಯನ್ನು ಹೋಳಿಗೆ ಬಡಿಸುವ ಹೊತ್ತಿನಲ್ಲೇ ವಿವರಿಸುತ್ತಾರೆ. ಆದರೆ ‘ನನಗೆ ಹೊಟ್ಟೆಕಿಚ್ಚು ಇದೆ, ಹೋದ ವರ್ಷದಿಂದ ಸ್ವಲ್ಪ ಜಾಸ್ತಿಯಾಗಿದೆ’ ಎಂದು ಹೇಳಿಕೊಂಡವರನ್ನು ಐವತ್ತೆರಡು ವರ್ಷದ ನನ್ನ ಆಯುಷ್ಯದಲ್ಲಿ ನಾನು ಕಂಡಿಲ್ಲ. ಇವತ್ತು ನಾನೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಇದೆ. ಅದು ಪಕ್ಕದ ಮನೆಯವರ ಕಾರಿನ ಮೇಲಲ್ಲ. ಅವರ ಕಾರು ತಿಂಗಳಲ್ಲಿ ಹತ್ತು ದಿನ ಗ್ಯಾರೇಜಿನಲ್ಲೇ ಇರುತ್ತದೆ, ಅದರಿಂದ ನನಗೆ ಸಮಾಧಾನವೇ ಇದೆ. ನನ್ನ ಕಿಚ್ಚು ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ಯಂತ್ರದ ಮೇಲೆ, ಮತ್ತು ಅದನ್ನು ನಮ್ಮ ಕಾಲೇಜಿಗೆ ತಂದ ಒಬ್ಬ ಹೆಣ್ಣುಮಗಳ ಮೇಲೆ.

ನಾನು ಪಂಪಾಪತಿ. ಮಾನ್ವಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆ ರಾಯಚೂರಿನಲ್ಲಿ, ದಿನಾ ಬಸ್ಸಿನ ಓಡಾಟ. ನಮ್ಮ ಸ್ಟಾಫ್ ರೂಮಿನಲ್ಲಿ ನಾಲ್ಕು ಪ್ಲಗ್ ಪಾಯಿಂಟುಗಳಿವೆ. ಮೂರರಲ್ಲಿ ಕರೆಂಟು ಬರುವುದಿಲ್ಲ, ಬರುವ ಒಂದು ನನ್ನ ಮೇಜಿನ ನೆತ್ತಿಯ ಮೇಲಿದೆ. ಸೇವಾ ಹಿರಿತನದಿಂದ ನಾನು ಪಡೆದ ಸೌಲಭ್ಯ ಇದೊಂದೇ. ಇದರ ಜೊತೆಗೆ ನನ್ನ ಹತ್ತಿರ ಇಟ್ಟಿಗೆಯಷ್ಟು ತೂಕದ ಒಂದು ಪವರ್ ಬ್ಯಾಂಕ್ ಇತ್ತು. ನಮ್ಮ ಕಡೆ ಗಾಳಿ ಜೋರಾಗಿ ಬೀಸಿದರೆ ಕರೆಂಟು ಹೋಗುತ್ತದೆ, ಗಾಳಿ ಬೀಸದಿದ್ದರೆ ಸೆಖೆಗೆ ಎಲ್ಲರೂ ಫ್ಯಾನು ಹಾಕಿ ಕರೆಂಟು ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಮೇಜಿನ ಮುಂದೆ ಮೂರ್ನಾಲ್ಕು ಜನ ಫೋನು ಹಿಡಿದು ನಿಂತಿರುತ್ತಿದ್ದರು.

‘ಸರ್, ಸ್ವಲ್ಪ ಚಾರ್ಜ್ ಕೊಡ್ರಿ, ನಾಕು ಪರ್ಸೆಂಟ್ ಅದ’ ಎಂದು ಕನ್ನಡದ ಉಪನ್ಯಾಸಕರು ಕೇಳುತ್ತಿದ್ದರು.

‘ಎಷ್ಟು ಸಲ ಹೇಳೀನ್ರೀ, ಇಪ್ಪತ್ತರ ಕೆಳಗ ಇಳಿಸಬ್ಯಾಡ್ರಿ ಅಂತ. ಬ್ಯಾಟರಿ ಆಯುಷ್ಯ ಕಡಿಮಿ ಆಗ್ತದ’ ಎಂದು ನಾನು ಮೊದಲು ಉಪದೇಶ ಮಾಡಿ ಆಮೇಲೆ ವೈರು ಕೊಡುತ್ತಿದ್ದೆ. ಕೊಡುವುದರಲ್ಲೂ ಒಂದು ಲೆಕ್ಕಾಚಾರವಿತ್ತು. ನನ್ನ ಮಾತನ್ನು ತಲೆಯಾಡಿಸುತ್ತಾ ಕೇಳಿದವರಿಗೆ ನಲವತ್ತರವರೆಗೆ, ಆಕಳಿಸಿದವರಿಗೆ ಹದಿನೈದಕ್ಕೇ ಬಂದ್. ಪ್ರಾಂಶುಪಾಲರಿಗೆ ಮಾತ್ರ ನೂರು. ಭೌತಶಾಸ್ತ್ರದ ಪಾಠದಿಂದ ಇಷ್ಟು ವರ್ಷದಲ್ಲಿ ಸಿಗದ ಗೌರವ ನನಗೆ ಆ ಒಂದು ವೈರಿನಿಂದ ಸಿಕ್ಕಿತ್ತು.

ಈ ಗುಣ ನನಗೆ ರಕ್ತದಲ್ಲೇ ಬಂದಿರಬೇಕು. ನಾವು ಮೂಲತಃ ಹಿರೇಕೊಟ್ನೆಕಲ್ಲಿನವರು. ನಮ್ಮಪ್ಪ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ಹತ್ತಿರ ಎರಡು ಸೆಲ್ಲಿನ ಬ್ಯಾಟರಿ ಇತ್ತು. ಎದುರು ಮನೆಯವರದು ಐದು ಸೆಲ್ಲಿನದು. ಅವರು ಅದನ್ನು ಹೊತ್ತಿಸಿದರೆ ಬೆಳಕು ಕೆರೆಯ ಏರಿಯವರೆಗೆ ಹೋಗುತ್ತಿತ್ತು. ನಮ್ಮಪ್ಪನದು ನಮ್ಮ ಎಮ್ಮೆಯವರೆಗೆ. ಅಪ್ಪ ಹಳೆಯ ಸೆಲ್ಲುಗಳನ್ನು ಎಸೆಯದೆ ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಬಿಸಿಲಿಗೆ ಇಟ್ಟು, ಜೀವ ಬರಿಸಿ, ಮತ್ತೆ ತುಂಬುತ್ತಿದ್ದರು. ಎದುರು ಮನೆಯವರ ಬೆಳಕು ಗೋಡೆಯ ಮೇಲೆ ಬಿದ್ದಾಗಲೆಲ್ಲ ‘ಇಷ್ಟು ಬೆಳಕು ಯಾಕ ಬೇಕು ಮನಷ್ಯಾಗ’ ಎಂದು ತತ್ವಜ್ಞಾನಿಯಂತೆ ಮಾತಾಡುತ್ತಿದ್ದರು. ಆಗ ಅದು ವೈರಾಗ್ಯ ಎಂದುಕೊಂಡಿದ್ದೆ. ಅದು ಏನೆಂದು ಗೊತ್ತಾಗಲು ನನಗೆ ಹುಲಿಗೆಮ್ಮ ಮೇಡಂ ಬರಬೇಕಾಯಿತು.

ಹುಲಿಗೆಮ್ಮ ಮೇಡಂ ದೇವದುರ್ಗದವರು. ರಸಾಯನಶಾಸ್ತ್ರ. ದಸರಾ ರಜೆ ಮುಗಿದ ಮೇಲೆ ವರ್ಗವಾಗಿ ಬಂದರು. ಮೂವತ್ತೆರಡೋ ಮೂವತ್ಮೂರೋ ವಯಸ್ಸು, ಕಡಿಮೆ ಮಾತು. ತಾಯಿ ಕೂಲಿ ಮಾಡಿ ಓದಿಸಿದ್ದಾರೆಂದು ಯಾರೋ ಹೇಳಿದರು; ಅವರಾಗಿ ಏನೂ ಹೇಳಿಕೊಂಡವರಲ್ಲ. ಬಂದ ಮೊದಲ ವಾರವೇ ಪ್ರಯೋಗಾಲಯದ ಬೀಗ ತೆಗೆಸಿ, ಹತ್ತು ವರ್ಷದಿಂದ ಹೆಸರಿಲ್ಲದೆ ಕೂತಿದ್ದ ಬಾಟಲಿಗಳಿಗೆಲ್ಲ ಚೀಟಿ ಅಂಟಿಸಿದರು. ಅಲ್ಲಿಯವರೆಗೆ ನನಗೆ ಅವರ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇತ್ತು. ಅವರು ನನ್ನ ಹತ್ತಿರ ಚಾರ್ಜು ಕೇಳಲು ಬರುತ್ತಿರಲಿಲ್ಲ ಎನ್ನುವುದೊಂದು ಸಣ್ಣ ಕೊರತೆ, ಅಷ್ಟೇ. ಸಂಕ್ರಾಂತಿ ಕಳೆದು ಒಂದು ಸೋಮವಾರ ಅವರು ಚೀಲದಿಂದ ಒಂದು ಬೂದು ಬಣ್ಣದ ಡಬ್ಬಿ ತೆಗೆದು ಸ್ಟಾಫ್ ರೂಮಿನ ನಡುವಿನ ಮೇಜಿನ ಮೇಲೆ ಇಟ್ಟರು. ಮುಚ್ಚಳದ ತುಂಬ ಸಣ್ಣ ಸಣ್ಣ ತೂತುಗಳು. ಪಕ್ಕದಲ್ಲಿ ಔಷಧದ ಶೀಶೆಯಂಥ ಒಂದು ಪುಟ್ಟ ಬಾಟಲಿ. ಬಾಟಲಿಯನ್ನು ಡಬ್ಬಿಯ ಬಾಯಿಗೆ ಸಿಕ್ಕಿಸಿ, ತಮ್ಮ ಫೋನಿನ ವೈರು ಚುಚ್ಚಿದರು. ಆಗ ಕರೆಂಟು ಹೋಗಿ ಒಂದು ಗಂಟೆಯಾಗಿತ್ತು. ಫೋನಿನ ಮೇಲೆ ಚಾರ್ಜಿನ ಮಿಂಚು ಮೂಡಿತು.

‘ಏನ್ರೀ ಇದು ಮೇಡಂ?’ ಎಂದರು ಪ್ರಾಂಶುಪಾಲರು.

‘ಫ್ಯೂಯಲ್ ಸೆಲ್ ರೀ ಸರ್. ಪುಸ್ತಕದಾಗ ಇಂಧನ ಕೋಶ ಅಂತ ಬರ್ತದಲ್ರೀ, ಅದು. ಬ್ಯಾಟರಿಯಾಗ ತುಂಬಿಟ್ಟಷ್ಟೇ ಕರೆಂಟ್ ಇರ್ತದ. ಇದರಾಗ ಹಂಗಲ್ಲ. ಇಂಧನ ಹಾಕ್ತಾ ಇದ್ರ ಕರೆಂಟ್ ಬರ್ತಾ ಇರ್ತದ. ಒಂದು ಕಡಿ ಮೆಥನಾಲ್ ಬೆರೆಸಿದ ನೀರು, ಇನ್ನೊಂದು ಕಡಿ ಗಾಳಿ, ನಡುವ ತೆಳ್ಳಗಿನ ಪೊರಿ. ಉರಿ ಇಲ್ಲ, ಹೊಗಿ ಇಲ್ಲ.’

ಹೈದರಾಬಾದಿನಲ್ಲಿ ಅವರ ಎಂ.ಎಸ್ಸಿ. ಗೆಳತಿಯೊಬ್ಬರು ಒಂದು ಸಂಶೋಧನಾ ಪ್ರಯೋಗಾಲಯದಲ್ಲಿದ್ದರಂತೆ. ಫೋನು, ಟ್ಯಾಬು, ಸಣ್ಣ ರೇಡಿಯೊ ಇಂಥವಕ್ಕೆಂದು ಮಾಡಿದ ಈ ಡಬ್ಬಿ ನಿಜವಾದ ಬಿಸಿಲಿನಲ್ಲಿ ಹೇಗೆ ನಡೆಯುತ್ತದೆ ಎಂದು ಅವರಿಗೆ ತಿಳಿಯಬೇಕಿತ್ತು. ನಿಜವಾದ ಬಿಸಿಲು ಎಂದೊಡನೆ ಆ ಗೆಳತಿಗೆ ರಾಯಚೂರು ಜಿಲ್ಲೆ ನೆನಪಾಗಿದೆ. ಅದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಬೇರೇನಕ್ಕೆ ಕೊರತೆಯಿದ್ದರೂ ಅದಕ್ಕಿಲ್ಲ.

ಒಂದು ವಾರದೊಳಗೆ ನನ್ನ ಮೇಜಿನ ಮುಂದಿನ ಸಾಲು ಕರಗಿತು. ಎಲ್ಲರೂ ನಡುವಿನ ಮೇಜಿನ ಸುತ್ತ. ಕನ್ನಡದವರು ಅದಕ್ಕೆ ‘ಮೇಡಂ ಡಬ್ಬಿ’ ಎಂದು ಹೆಸರಿಟ್ಟರು. ಹುಲಿಗೆಮ್ಮ ಮೇಡಂ ಯಾರಿಗೂ ಉಪದೇಶ ಮಾಡುತ್ತಿರಲಿಲ್ಲ. ಕೇಳಿದವರಿಗೆ ವೈರು ಕೊಟ್ಟು, ತಮ್ಮ ನೋಟುಬುಕ್ಕಿನಲ್ಲಿ ಹೊತ್ತು, ಸೆಖೆ, ಕರೆಂಟಿನ ಅಳತೆ ಬರೆದುಕೊಳ್ಳುತ್ತಿದ್ದರು. ಅದು ನನಗೆ ಇನ್ನೂ ಹೆಚ್ಚು ಉರಿ ತರಿಸಿತು. ಉಪದೇಶ ಮಾಡದೆ ಚಾರ್ಜು ಕೊಡುವುದೆಂದರೆ ನನ್ನ ಪದ್ಧತಿಯ ಮೇಲೆ ಟೀಕೆ ಮಾಡಿದಂತೆಯೇ ಅಲ್ಲವೇ. ನಾನು ಪವರ್ ಬ್ಯಾಂಕನ್ನು ಎಲ್ಲರಿಗೂ ಕಾಣುವಂತೆ ಮೇಜಿನ ತುದಿಗೆ ಸರಿಸಿದೆ. ಯಾರೂ ಬರಲಿಲ್ಲ. ಎರಡು ದಿನ ಬಿಟ್ಟು, ಬಸ್ಸಿನ ಕಂಡಕ್ಟರರು ಟಿಕೆಟ್ ಕೇಳುವ ಧಾಟಿಯಲ್ಲಿ, ‘ಯಾರಿಗ್ಯಾರ ಚಾರ್ಜ್ ಬೇಕೇನ್ರೀ?’ ಎಂದು ಕೇಳಿಕೊಂಡು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಬಂದೆ. ‘ಬ್ಯಾಡ್ರೀ ಸರ್, ಮೇಡಂ ಡಬ್ಬಿಗೆ ಹಾಕೀವಿ’ ಎಂದರು.

ಆಗ ನಾನು ಆ ಯಂತ್ರದ ದೋಷಗಳನ್ನು ಹುಡುಕಲು ಕುಳಿತೆ. ಮನೆಗೆ ಬಂದು, ಚಹಾ ಕುಡಿದು, ಸಿಕ್ಕಿದ್ದನ್ನೆಲ್ಲ ಓದಿದೆ. ದೋಷಗಳು ಇದ್ದವು. ಕೊಡುವ ಕರೆಂಟು ಕಡಿಮೆ, ಫೋನು ನಿಧಾನಕ್ಕೆ ತುಂಬುತ್ತದೆ. ಒಳಗಿನ ಪೊರೆ ದುಬಾರಿ. ಮೆಥನಾಲ್ ಸ್ವಲ್ಪ ಸ್ವಲ್ಪ ಆ ಪೊರೆಯನ್ನು ದಾಟಿ ಆಚೆ ಕಡೆಗೆ ಸೋರಿ ವ್ಯರ್ಥವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಮೆಥನಾಲ್ ವಿಷ. ಇದನ್ನೆಲ್ಲ ಹೆಂಡತಿ ಗಿರಿಜಾಳ ಮುಂದೆ ಹದಿನೈದು ದಿನ ದಿನಕ್ಕೊಂದರಂತೆ ವಿವರಿಸಿದೆ. ಅವಳು ಹೀರೇಕಾಯಿ ಹೆಚ್ಚುತ್ತಾ ಕೇಳಿದಳು. ಕೊನೆಗೆ, ‘ಅಂಥಾದ್ದು ನಮಗೂ ಒಂದು ಸಿಗ್ತದೇನು ಕೇಳ್ರಿ. ಧಾರಾವಾಹಿ ನಡುವ ಫೋನ್ ಆಫ್ ಆಗಾಕತ್ತದ’ ಎಂದಳು.

‘ಮನ್ಯಾಗ ಇಟ್ಟಿಗಿಯಂಥಾ ಪವರ್ ಬ್ಯಾಂಕ್ ಅದಲ್ಲ’ ಎಂದೆ.

‘ಅದನ್ನ ಕೇಳಿದ್ರ ಬ್ಯಾಟರಿ ಆಯುಷ್ಯದ ಬಗ್ಗೆ ಅರ್ಧ ತಾಸು ಹೇಳ್ತೀರಿ’ ಎಂದಳು ಗಿರಿಜಾ.

ವಿಷದ ವಿಷಯವನ್ನು ನಾನು ಸ್ಟಾಫ್ ರೂಮಿನಲ್ಲೂ ಎತ್ತಿದೆ. ಹುಲಿಗೆಮ್ಮ ಮೇಡಂ ಆ ಪುಟ್ಟ ಬಾಟಲಿಯನ್ನು ನನ್ನ ಕಡೆ ತಿರುಗಿಸಿದರು. ಅದರ ಮೇಲೆ ಕೆಂಪಕ್ಷರದಲ್ಲಿ ‘ವಿಷ. ಕುಡಿಯಬಾರದು’ ಎಂದು ಮೊದಲೇ ಬರೆದಿತ್ತು. ದೊಡ್ಡ ಬಾಟಲಿ ಪ್ರಯೋಗಾಲಯದ ಕಪಾಟಿನಲ್ಲಿ ಎರಡು ಬೀಗದೊಳಗಿತ್ತು. ಇಷ್ಟಾದ ಮೇಲೆ ಇನ್ನೊಂದು ಅನಾಹುತವಾಯಿತು. ದೋಷ ಹುಡುಕಲು ಅಷ್ಟು ಓದಿದ್ದರಿಂದ, ಆ ಡಬ್ಬಿಯ ಬಗ್ಗೆ ಮಕ್ಕಳು ಏನು ಕೇಳಿದರೂ ನನಗೇ ಉತ್ತರ ಗೊತ್ತಿರುತ್ತಿತ್ತು. ಒಂದು ದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಅದರ ಚಿತ್ರ ಬರೆದು, ಬಿಸಿಲು ಹೆಚ್ಚಾದಷ್ಟು ಅದು ಹೇಗೆ ಇನ್ನೂ ಚೆನ್ನಾಗಿ ನಡೆಯುತ್ತದೆ, ನಮ್ಮ ಮಾಮೂಲಿ ಬ್ಯಾಟರಿಗಳು ಸೆಖೆಗೆ ಹೇಗೆ ಸೊರಗುತ್ತವೆ ಎಂದು ಇಡೀ ಅವಧಿ ಉತ್ಸಾಹದಿಂದ ಪಾಠ ಮಾಡಿ, ಗಂಟೆ ಹೊಡೆದ ಮೇಲೆ ಏನು ಮಾಡಿದೆ ಎಂದು ತಿಳಿದು ಗಡಿಬಿಡಿಯಲ್ಲಿ ಬೋರ್ಡು ಒರೆಸಿದೆ. ವೈರಿಯ ಪ್ರಚಾರಕ್ಕೆ ಸಂಬಳ ಪಡೆಯದೆ ದುಡಿದ ಹಾಗಾಗಿತ್ತು.

ಈಗ ಹೇಳಬೇಕಾದದ್ದು ಸ್ವಲ್ಪ ಕಷ್ಟದ ಮಾತು. ಇಲ್ಲಿಯವರೆಗಿನದು ನಗುವಂಥದ್ದು, ಇದು ಅಲ್ಲ. ಶಿವರಾತ್ರಿ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಇದ್ದೆ. ನಡುವಿನ ಮೇಜಿನ ಮೇಲೆ ಡಬ್ಬಿ ಇತ್ತು, ಅದಕ್ಕೆ ಪ್ರಾಂಶುಪಾಲರ ಫೋನು ಸಿಕ್ಕಿಸಿತ್ತು. ಪ್ರಾಂಶುಪಾಲರ ಫೋನು. ನೂರರವರೆಗೆ ತುಂಬಿಸಿ, ಕರವಸ್ತ್ರದಿಂದ ಗಾಜು ಒರೆಸಿ ಕೊಡುತ್ತಿದ್ದವನು ನಾನು. ನನ್ನ ಕೈಯಲ್ಲಿ ಹಾಜರಿ ಪುಸ್ತಕವಿತ್ತು, ಅಗಲವಾದದ್ದು, ರಟ್ಟಿನ ಹೊದಿಕೆಯದು. ಮೇಜಿನ ಮೇಲೆ ಬೇಕಾದಷ್ಟು ಜಾಗವಿತ್ತು. ನಾನು ಅದನ್ನು ಡಬ್ಬಿಯ ಮುಚ್ಚಳದ ಮೇಲೆ, ತೂತುಗಳೆಲ್ಲ ಮುಚ್ಚುವ ಹಾಗೆ, ನಿಧಾನಕ್ಕೆ ಇಟ್ಟೆ. ಆ ಡಬ್ಬಿ ನಡೆಯಬೇಕಾದರೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳಬೇಕು ಎಂದು ನನಗಿಂತ ಚೆನ್ನಾಗಿ ಆ ಕಾಲೇಜಿನಲ್ಲಿ ಇನ್ನೊಬ್ಬರಿಗೆ ಮಾತ್ರ ಗೊತ್ತಿತ್ತು. ಇಟ್ಟು, ವೃತ್ತಪತ್ರಿಕೆ ಬಿಡಿಸಿ ಕುಳಿತೆ. ಹತ್ತು ನಿಮಿಷದೊಳಗೆ ಫೋನಿನ ಮಿಂಚು ಆರಿತು. ಪುಸ್ತಕ ತೆಗೆದುಕೊಂಡು ತರಗತಿಗೆ ಹೋದೆ.

ಮಧ್ಯಾಹ್ನ ಪ್ರಾಂಶುಪಾಲರು ಬಂದು, ‘ಯಾಕ್ರೀ ಮೇಡಂ, ಇವತ್ತು ಅರ್ಧನೂ ಆಗಿಲ್ಲ’ ಎಂದರು. ನಾನು ಎದ್ದು ನಿಂತು ಎಲ್ಲರಿಗೂ ಕೇಳಿಸುವಂತೆ, ‘ಈ ತಂತ್ರಜ್ಞಾನ ಇನ್ನೂ ಪಕ್ವ ಆಗಿಲ್ರೀ ಸರ್. ನಂಬಾಕ ಬರಂಗಿಲ್ಲ’ ಎಂದು ಐದು ನಿಮಿಷ ಮಾತಾಡಿದೆ. ಹುಲಿಗೆಮ್ಮ ಮೇಡಂ ನೋಟುಬುಕ್ಕಿನಲ್ಲಿ ಎರಡು ಸಾಲು ಬರೆದು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಹೋದರು. ಮರುದಿನದಿಂದ ಡಬ್ಬಿ ಅಲ್ಲೇ ಉಳಿಯಿತು. ಜನ ಒಬ್ಬೊಬ್ಬರಾಗಿ ನನ್ನ ಮೇಜಿಗೆ ಮರಳಿದರು. ನಾನು ಗೆದ್ದಿದ್ದೆ. ಆ ವಾರ ಯಾರಿಗೂ ಉಪದೇಶ ಮಾಡುವ ಮನಸ್ಸೇ ಬರಲಿಲ್ಲ. ಕೇಳಿದವರಿಗೆಲ್ಲ ಸುಮ್ಮನೆ ವೈರು ಕೊಟ್ಟೆ.

ಬೇಸಿಗೆ ರಜೆಯಲ್ಲಿ ನಮ್ಮನ್ನೆಲ್ಲ ಮನೆಮನೆ ಸಮೀಕ್ಷೆಗೆ ಹಾಕಿದರು. ಈಗ ಕಾಗದ ಇಲ್ಲ, ಎಲ್ಲವೂ ಫೋನಿನಲ್ಲೇ. ಒಂದು ಮನೆಗೆ ಹತ್ತಾರು ಪ್ರಶ್ನೆ, ಮನೆಯ ಫೋಟೊ, ಮನೆ ಇರುವ ಜಾಗದ ಗುರುತು. ಆ ಆ್ಯಪು ಬ್ಯಾಟರಿಯನ್ನು ಬಿಸಿಲಿನಲ್ಲಿ ಮಜ್ಜಿಗೆ ಕುಡಿದಂತೆ ಕುಡಿಯುತ್ತಿತ್ತು. ನನಗೆ ಕುರ್ಡಿಯ ಕೆಲವು ಓಣಿಗಳು ಬಂದವು. ಅಲ್ಲೇ ಪಕ್ಕದ ಓಣಿಗಳು ಹುಲಿಗೆಮ್ಮ ಮೇಡಂಗೆ. ಊರಲ್ಲಿ ಗಾಳಿಗೆ ಕಂಬ ಬಿದ್ದು ಎರಡು ದಿನದಿಂದ ಕರೆಂಟಿರಲಿಲ್ಲ. ನನಗೇನು ಚಿಂತೆಯಿರಲಿಲ್ಲ, ಚೀಲದಲ್ಲಿ ಪವರ್ ಬ್ಯಾಂಕ್ ಇತ್ತು. ಆದರೆ ಆ ಚೀಲವನ್ನು ಬಸ್ಸಿನಲ್ಲಿ ಕಿಟಕಿಯ ಬಿಸಿಲಿಗೆ ಇಟ್ಟಿದ್ದೆ, ಊರಿಗೆ ಬಂದ ಮೇಲೆ ಹೆಗಲಿಗೆ ಹಾಕಿಕೊಂಡು ತಿರುಗಿದ್ದೆ. ಮೂರನೆಯ ದಿನ ಮಧ್ಯಾಹ್ನ ತೆಗೆದು ನೋಡಿದರೆ ಅದು ಪೂರಿಯ ಹಾಗೆ ಉಬ್ಬಿ ಕುಳಿತಿತ್ತು. ಬ್ಯಾಟರಿ ಉಬ್ಬಿದರೆ ಮುಟ್ಟಬಾರದು ಎಂದು ಇಪ್ಪತ್ತು ವರ್ಷ ಪಾಠ ಮಾಡಿದವನು ನಾನು. ಅದನ್ನು ಹಾಳು ಗೋಡೆಯೊಂದರ ನೆರಳಲ್ಲಿ, ಜನ ಓಡಾಡದ ಕಡೆ, ಮೆಲ್ಲಗೆ ಇಳಿಸಿ ದೂರ ಬಂದೆ. ಫೋನಿನಲ್ಲಿ ಮೂರು ಪರ್ಸೆಂಟ್ ಉಳಿದಿತ್ತು. ಅಂದು ಬರೆದುಕೊಂಡ ಇಪ್ಪತ್ತೆರಡು ಮನೆಗಳ ವಿವರ, ಊರಲ್ಲಿ ನೆಟ್‌ವರ್ಕ್ ಸಿಗದೆ, ಅದರೊಳಗೇ ಕೂತಿತ್ತು.

ಉಳಿದಿದ್ದು ಒಂದೇ ಮನೆ, ದುರುಗಮ್ಮನದು. ಅರವತ್ತು ದಾಟಿದ ಹೆಂಗಸು, ಗಂಡನಿಲ್ಲ. ಹಿಂದಿನ ಎರಡು ದಿನವೂ ನಾನು ಹೋದಾಗ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿದ್ದಳು. ಆ ದಿನ ನನಗೋಸ್ಕರ ಕೆಲಸ ಅರ್ಧಕ್ಕೆ ಬಿಟ್ಟು ಬಂದು, ಕೈಕಾಲು ತೊಳೆದು, ಆಧಾರ್ ಕಾರ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ನಾನು ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ ಫೋನು ಕಪ್ಪಾಯಿತು.

‘ನಾಳಿ ಬರ್ತೀನವ್ವಾ’ ಎಂದೆ.

‘ನಾಳಿ ನಾ ಇರಾಂಗಿಲ್ಲ ಯಪ್ಪಾ. ಮಗಳ ಬಾಣಂತನಕ್ಕ ಯಾಪಲದಿನ್ನಿಗೆ ಹೊಂಟೀನಿ. ಬರದು ತಿಂಗಳಾಗ್ತದ. ಹ್ವಾದ ಸಲಾನೂ ಬರಕೊಳ್ಳಾಕ ಬಂದವರು ನಮ್ಮ ಮನಿ ಬಿಟ್ಟು ಹ್ವಾದ್ರು. ಊರಾಗ ಎಲ್ಲಾರ ಹೆಸರು ಅದ, ನಂದಿಲ್ಲ’ ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾಳೆ ಎಂದದ್ದು ಬರೀ ಬಾಯಿಮಾತು, ಸಮೀಕ್ಷೆಗೆ ಅಂದೇ ಕೊನೆಯ ದಿನ. ನಾನು ಎದ್ದೆ. ಎರಡು ಓಣಿ ದಾಟಿದರೆ ಹುಲಿಗೆಮ್ಮ ಮೇಡಂ ಇದ್ದರು, ಅವರ ಚೀಲದಲ್ಲಿ ಆ ಡಬ್ಬಿ ಇತ್ತು. ಆ ಎರಡು ಓಣಿಯನ್ನು ನಾನು ನಡೆದ ರೀತಿಯನ್ನು ಯಾರಾದರೂ ನೋಡಿದ್ದರೆ ಬಿಸಿಲು ತಲೆಗೇರಿದೆ ಎನ್ನುತ್ತಿದ್ದರು. ಕೇಳದ ಹಾಗೆ ಕೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ತುಟಿ ಆಡಿಸುತ್ತಾ ಅಭ್ಯಾಸ ಮಾಡುತ್ತಿದ್ದೆ. ‘ಮೇಡಂ, ಈ ಬಿಸಿಲಾಗ ನಿಮ್ಮ ಡಬ್ಬಿ ಹ್ಯಾಂಗ ನಡೀತದ, ಒಂದು ಪರೀಕ್ಷೆ ಮಾಡೋಣೇನು?’ ಎಂಬುದು ಮೊದಲ ಆವೃತ್ತಿ. ‘ಒಬ್ಬ ಬಡ ಮುದುಕಿಗೆ ನಿಮ್ಮಿಂದ ಸಹಾಯ ಆಗ್ತದ’ ಎಂಬುದು ಎರಡನೆಯದು. ಅದರಲ್ಲಿ ನನ್ನ ಹೆಸರೇ ಬರುತ್ತಿರಲಿಲ್ಲ. ಮೂರನೆಯದನ್ನು ಹೊಸೆಯುವಷ್ಟರಲ್ಲಿ ಅವರು ಒಂದು ಮನೆಯಿಂದ ಹೊರಗೆ ಬಂದರು. ನನ್ನ ಮುಖವನ್ನೂ ಕೈಯಲ್ಲಿದ್ದ ಫೋನನ್ನೂ ನೋಡಿದರು.

‘ಚಾರ್ಜ್ ಬೇಕೇನ್ರೀ ಸರ್?’ ಎಂದರು.

ಹೌದು ಎಂದು ತಲೆಯಾಡಿಸಿದೆ. ಅವರು ತಮ್ಮ ಮನೆಗಳನ್ನೆಲ್ಲ ಮುಗಿಸಿದ್ದರು. ನನ್ನ ಜೊತೆಗೇ ಬಂದರು. ದುರುಗಮ್ಮನ ಕಟ್ಟೆಯ ನೆರಳಲ್ಲಿ ಡಬ್ಬಿ ಇಟ್ಟು, ಬಾಟಲಿ ಸಿಕ್ಕಿಸಿ, ನನ್ನ ಫೋನಿನ ವೈರು ಚುಚ್ಚಿದರು. ‘ಇಪ್ಪತ್ತು ನಿಮಿಷ ಕೂಡಬೇಕಾಗ್ತದ್ರಿ. ನಿಧಾನ ಅದ ಇದು’ ಎಂದರು. ಕೂತೆವು. ದುರುಗಮ್ಮ ಒಳಗಿಂದ ಒಂದು ತಟ್ಟೆಯಲ್ಲಿ ಮಂಡಕ್ಕಿ ತಂದಿಟ್ಟಳು. ಡಬ್ಬಿಯನ್ನು ಬಗ್ಗಿ ನೋಡಿದಳು, ಕೈಯಿಂದ ಮುಟ್ಟಿದಳು.

‘ಸುಡಾಕತ್ತದಲ್ಲವ್ವಾ ಇದು. ಪಾಪ’ ಎಂದು ಒಳಗೆ ಹೋಗಿ ಒಂದು ಒದ್ದೆ ಬಟ್ಟೆ ತಂದಳು. ನೀರಿನ ಗಡಿಗೆಗೆ ಹೊದಿಸುವಂತೆ ಡಬ್ಬಿಯ ಮೇಲೆ ಹೊದಿಸಲು ಬಗ್ಗಿದಳು.

‘ಮುಚ್ಚಬ್ಯಾಡವ್ವಾ’ ಎಂದು ನಾನು ಅವಳ ಕೈ ಹಿಡಿದುಬಿಟ್ಟೆ. ‘ಮ್ಯಾಲಿನ ತೂತು ಮುಚ್ಚಿದ್ರ ಅದಕ ಗಾಳಿ ಸಿಗಂಗಿಲ್ಲ. ಹತ್ತು ನಿಮಿಷದಾಗ ನಿಲ್ತದ.’

ಹೇಳಿದ ಮೇಲೆ ನಾನು ಹೇಳಿದ್ದು ನನಗೇ ಕೇಳಿಸಿತು. ಹುಲಿಗೆಮ್ಮ ಮೇಡಂ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ನಗುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

‘ಮೇಡಂ, ಅವತ್ತು ಡಬ್ಬಿ ಬಂದ್ ಆಗಿತ್ತಲ್ರೀ. ಅದರ ಮ್ಯಾಲ ಹಾಜರಿ ಪುಸ್ತಕ ಇಟ್ಟಿದ್ದು ನಾನು. ಮರೆತು ಇಟ್ಟಿದ್ದಲ್ಲ’ ಎಂದೆ.

‘ಗೊತ್ತದ್ರೀ ಸರ್’ ಎಂದರು. ಚೀಲದಿಂದ ಆ ನೋಟುಬುಕ್ಕು ತೆಗೆದು, ಹಾಳೆ ತಿರುವಿ ನನ್ನ ಮುಂದೆ ಹಿಡಿದರು. ಅಚ್ಚುಕಟ್ಟಾದ ಅಕ್ಷರದಲ್ಲಿ ಹೀಗಿತ್ತು: ‘ಬೆಳಿಗ್ಗೆ ಹನ್ನೊಂದೂ ನಲವತ್ತು. ಮುಚ್ಚಳದ ಮೇಲೆ ಹಾಜರಿ ಪುಸ್ತಕ, ಪಂಪಾಪತಿ ಸರ್. ಒಂಬತ್ತು ನಿಮಿಷಕ್ಕೆ ನಿಂತಿತು. ಮತ್ತೆ ಗಾಳಿ ಸಿಕ್ಕ ಮೇಲೆ ನಾಲ್ಕು ನಿಮಿಷಕ್ಕೆ ಸರಿಹೋಯಿತು. ಪೊರೆಗೆ ಹಾನಿಯಿಲ್ಲ.’

‘ವರಾಂಡದ ಕಿಟಕಿಯಾಗಿಂದ ಕಾಣ್ತಿತ್ರೀ’ ಎಂದರು ಮೇಡಂ. ‘ಒಳಗ ಬಂದು ಪುಸ್ತಕ ತಗೀಬೇಕು ಅಂತ ಹೆಜ್ಜಿ ಇಟ್ಟೆ. ಆಮ್ಯಾಲ ಗಾಳಿ ಬಂದ್ ಆದ್ರ ಎಷ್ಟು ಹೊತ್ತು ತಡೀತದ ಅಂತ ನೋಡಬೇಕಿತ್ತು, ಅದಕ್ಕ ನಿಂತೆ. ನೀವು ಹೋದ ಮ್ಯಾಲ ಬಂದು ಅಳತಿ ತಗೊಂಡು, ಪ್ರಾಂಶುಪಾಲರ ಫೋನ್ ಬಿಚ್ಚಿಟ್ಟೆ.’

‘ಮಧ್ಯಾಹ್ನ ನಾ ಅಷ್ಟು ಮಾತಾಡಿದಾಗ ಯಾಕ ಸುಮ್ಮನಿದ್ರಿ?’

‘ಎಲ್ಲಾರ ಮುಂದ ಹೇಳಿದ್ರ ನಿಮಗ ಬ್ಯಾಸರ ಆಗ್ತಿತ್ತಲ್ರೀ’ ಎಂದು ಅವರು ಒಂದು ಮಂಡಕ್ಕಿ ಕಾಳನ್ನು ಬೆರಳಲ್ಲಿ ಹೊರಳಿಸಿದರು. ‘ನನಗೂ ಬ್ಯಾಸರ ಆಗಿತ್ರೀ. ಎಂ.ಎಸ್ಸಿ. ಮುಗಿದ ಮ್ಯಾಲ ಸಂಶೋಧನೆಗೆ ಕರದಿದ್ರು. ಮನ್ಯಾಗ ಮೊದಲನೇ ನೌಕರಿ ನಂದೇ, ಬಿಟ್ಟು ಹೋಗಾಕ ಆಗಲಿಲ್ಲ. ಆ ಕಡಿಂದ ನನಗ ಉಳದದ್ದು ಈ ಡಬ್ಬಿ ಒಂದೇ. ಕಾರಣ ಇಲ್ದ ನಿಲ್ತದ ಅಂತ ವರದಿ ಹೋಗಿದ್ರ ಇದನ್ನೂ ವಾಪಸ್ ತಗೋತಿದ್ರು. ಅದಕ್ಕ ಸ್ಟಾಫ್ ರೂಮಿಗೆ ತರೋದು ಬಿಟ್ಟೆ.’

ನಾನು ‘ತಪ್ಪಾಯ್ತು’ ಎಂದೆ. ಅವರು ‘ಇರಲಿ ಬಿಡ್ರಿ’ ಎಂದು ನೋಟುಬುಕ್ಕು ಮುಚ್ಚಿ, ನನ್ನ ಫೋನನ್ನು ತಿರುಗಿಸಿ ನೋಡಿ, ‘ಹನ್ನೊಂದು ಪರ್ಸೆಂಟ್ ಆತು. ಶುರು ಮಾಡ್ರಿ’ ಎಂದರು.

ದುರುಗಮ್ಮನ ಮನೆ ಬರೆದುಕೊಂಡೆ. ಮನೆಯ ಯಜಮಾನರು ಯಾರು ಎಂದು ಕೇಳಿದೆ. ‘ನಾನೇ ಬರಕೋ ಯಪ್ಪಾ’ ಎಂದಳು. ಲ್ಯಾಪ್‌ಟಾಪ್ ಇದೆಯೇ, ಕಾರು ಇದೆಯೇ ಎಂದು ಆ್ಯಪು ಕೇಳುತ್ತಿತ್ತು, ನಾನು ಓದುತ್ತಿದ್ದೆ, ಅವಳು ಪ್ರತಿಯೊಂದಕ್ಕೂ ನಕ್ಕು ‘ಇಲ್ಲ ಬರಕೋ’ ಎನ್ನುತ್ತಿದ್ದಳು. ಕೊನೆಗೆ ಫೋಟೊ ತೆಗೆದು ಒತ್ತಿದಾಗ ಅವಳ ಹೆಸರು ಹಸಿರು ಬಣ್ಣದಲ್ಲಿ ಮೂಡಿತು. ತೋರಿಸಿದೆ. ಓದಲು ಬಾರದಿದ್ದರೂ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಡಬ್ಬಿಯ ಕಡೆ ಕೈ ತೋರಿಸಿ, ‘ಇದು ನಿಂದೇನೋ ಯಪ್ಪಾ?’ ಎಂದಳು.

‘ಅಲ್ಲವ್ವಾ. ಮೇಡಂ ಅವರದು’ ಎಂದೆ.

‘ಅದಕ್ಕ ಚಲೋ ನಡಿಯಾಕತ್ತದ’ ಎಂದಳು.

ನೆಟ್‌ವರ್ಕ್ ಸಿಗುವ ಕಡೆ ಬಂದು ಇಪ್ಪತ್ಮೂರು ಮನೆಗಳನ್ನೂ ಕಳಿಸಿ, ಸಂಜೆಯ ಬಸ್ಸಿಗೆ ರಾಯಚೂರಿಗೆ ಬಂದೆ. ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು. ಕಿಚ್ಚು ಹೋಯಿತು, ಗುಣವಾಯಿತು ಎಂದುಕೊಂಡೆ. ಗಿರಿಜಾಳಿಗೆ ನಡೆದದ್ದನ್ನೆಲ್ಲ ಹೇಳಿದೆ, ಹಾಜರಿ ಪುಸ್ತಕವನ್ನೂ ಬಿಡದೆ. ಒಪ್ಪಿಕೊಂಡ ಧೈರ್ಯಕ್ಕೆ ಅವಳು ನನ್ನನ್ನು ಮೆಚ್ಚುತ್ತಾಳೆ ಎಂದು ಕಾದೆ. ಅವಳು ಗಲ್ಲಕ್ಕೆ ಕೈ ಹಚ್ಚಿ, ‘ಆ ಮೇಡಂದು ಎಷ್ಟು ದೊಡ್ಡ ಮನಸ್ಸು’ ಎಂದಳು. ನನ್ನ ಹೊಟ್ಟೆಯಲ್ಲಿ ಪರಿಚಿತವಾದ ಜಾಗದಲ್ಲೇ ಏನೋ ಚುರ್ ಎಂದಿತು.

ಇದಕ್ಕೆ ಮದ್ದಿಲ್ಲ ಎಂದು ಅಂದೇ ತಿಳಿಯಿತು. ಡಬ್ಬಿಯ ಮೇಲಿನ ಕಿಚ್ಚಾದರೆ ಒಂದು ಡಬ್ಬಿ ಕೊಂಡು ಆರಿಸಬಹುದು. ಅವರ ಆ ‘ಇರಲಿ ಬಿಡ್ರಿ’ ಇದೆಯಲ್ಲ, ಅದನ್ನು ಎಲ್ಲಿ ಕೊಳ್ಳುವುದು? ಆ ಮಾತನ್ನು ನಾನು ಕನ್ನಡಿಯ ಮುಂದೆ ಹೇಳಿ ನೋಡಿದೆ. ನನ್ನ ಬಾಯಲ್ಲಿ ಅದು, ಆಮೇಲೆ ನೋಡಿಕೊಳ್ಳುತ್ತೇನೆ ಎಂದ ಹಾಗೆ ಕೇಳಿಸಿತು. ಕಾಲೇಜು ತೆರೆಯುವ ಮುಂಚೆಯೇ ಮೇಡಂ ವರದಿ ಕಳಿಸಿ, ಅದರ ಪ್ರತಿಯೊಂದನ್ನು ನನಗೂ ಕೊಟ್ಟರು. ಕೊನೆಯ ಪುಟದಲ್ಲಿ ‘ಗಾಳಿ ತಡೆಯ ಪರೀಕ್ಷೆಯಲ್ಲಿ ನೆರವಾದ ಸಹೋದ್ಯೋಗಿ ಪಂಪಾಪತಿ ಅವರಿಗೆ ಕೃತಜ್ಞತೆಗಳು’ ಎಂದಿತ್ತು. ಅದರಲ್ಲಿ ವ್ಯಂಗ್ಯ ಹುಡುಕಿ ಮೂರು ಸಲ ಓದಿದೆ. ಸಿಗಲಿಲ್ಲ. ವ್ಯಂಗ್ಯ ಇದ್ದಿದ್ದರೆ ನಿದ್ದೆ ಬರುತ್ತಿತ್ತು.

ಜೂನಿನಲ್ಲಿ ಹೈದರಾಬಾದಿನ ಪ್ರಯೋಗಾಲಯದಿಂದ ಪತ್ರ ಬಂತು. ವರದಿ ಅವರಿಗೆ ಹಿಡಿಸಿದ್ದರಿಂದ ಹುಲಿಗೆಮ್ಮ ಮೇಡಂ ಒಂದು ವಾರ ಅಲ್ಲಿಗೆ ಬಂದು, ಹೊಸ ಡಬ್ಬಿಯ ಕೆಲಸದಲ್ಲಿ ಸೇರಬೇಕು, ಮುಂದೆಯೂ ರಜೆಗಳಲ್ಲಿ ಬರುತ್ತಿರಬಹುದು ಎಂದು ಬರೆದಿದ್ದರು. ಪ್ರಾಂಶುಪಾಲರು ಸಭೆ ಕರೆದು ಪತ್ರ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ‘ಆದ್ರ ಒಂದು ವಾರ ಮೇಡಂ ಅವರ ಕ್ಲಾಸ್ ಯಾರು ತಗೋತೀರಿ? ದಿನಾ ಮೂರು ಅದಾವ’ ಎಂದು ಕೇಳಿದರು. ಎಲ್ಲರೂ ಫ್ಯಾನು ನೋಡಿದರು. ನಾನು ಯಾರೂ ಕೈ ಎತ್ತುವ ಮುಂಚೆಯೇ ಎತ್ತಿದೆ. ದೇವರಾಣೆಗೂ ಮನಃಪೂರ್ವಕವಾಗಿಯೇ ಎತ್ತಿದೆ. ‘ಪಂಪಾಪತಿಯವರದು ದೊಡ್ಡ ಮನಸ್ಸು’ ಎಂದರು ಪ್ರಾಂಶುಪಾಲರು. ಕನ್ನಡದವರು ಹೌದೆಂದು ತಲೆಯಾಡಿಸಿದರು. ಹುಲಿಗೆಮ್ಮ ಮೇಡಂ ಇದನ್ನು ಕೇಳಿಸಿಕೊಂಡರೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡಿದೆ. ಅವರು ತಲೆ ಬಗ್ಗಿಸಿ ಆ ಪತ್ರವನ್ನು ಎರಡನೆಯ ಸಲ ಓದುತ್ತಿದ್ದರು. ಸಭೆ ಮುಂದಿನ ವಿಷಯಕ್ಕೆ ಹೋಗಿತ್ತು. ನಾನು ಕೈಯನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿದೆ.